ಕಿಂಡಿ ದಾಟಿದ ಸ್ವರ

ಜಯಲತಾ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ನಡುವೆ ಒಂದು ಚಮಚ ತುಪ್ಪ ಬಿಟ್ಟು, ತಟ್ಟೆಯ ಮೂಲೆಯಲ್ಲಿ ಉಪ್ಪಿನಕಾಯಿಯ ಒಂದು ಹೋಳು ಇಟ್ಟಳು. ಬಟ್ಟಲಿನ ಅಂಚಿಗೆ ಹತ್ತಿದ್ದ ತಿಳಿಯನ್ನು ಬೆರಳಿನಿಂದ ಒರೆಸಿದಳು. ಬಳೆಗಳು ಸದ್ದು ಮಾಡದಂತೆ ಮೊಣಕೈ ಹತ್ತಿರಕ್ಕೆ ಏರಿಸಿಕೊಂಡು, ತಟ್ಟೆಯನ್ನು ಒಳಕೋಣೆಯ ಬಾಗಿಲವರೆಗೆ ತಂದು, ಹೊಸ್ತಿಲ ಈಚೆಗಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಅಶ್ಮಿತಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಡೊಂಬಿವಲಿಯ ಆ ಎರಡು ಕೋಣೆಯ ಮನೆಯಲ್ಲಿ ಎರಡು ತಿಂಗಳಿಂದ ಇದೇ ಕ್ರಮ. ಗಂಜಿ ಬೇಯಿಸುವವಳು ಒಳಗೆ ಮಲಗಿದ್ದ ತಾರಾನಾಥನ ಹೆಂಡತಿ. ಕೊಡುವವಳು ಅವನ ತಂಗಿಯ ಮಗಳು. ಒಂದು ದಿನ ಮರೆತು ಜಯಲತಾಳೇ ತಟ್ಟೆ ಹಿಡಿದು ಒಳಗೆ ಹೋಗಿದ್ದಕ್ಕೆ ತಾರಾನಾಥ ಅದನ್ನು ದೂಡಿಬಿಟ್ಟಿದ್ದ. ಗಂಜಿ ಹಾಸಿಗೆಯ ಮೇಲೆಲ್ಲ ಚೆಲ್ಲಿತ್ತು.

"ನನ್ನ ಹೆಂಡತಿಯನ್ನು ಎಲ್ಲಿ ಇಟ್ಟಿದ್ದೀ ಹೇಳು ಮೊದಲು," ಎಂದು ಅವನು ಕೇಳಿದ್ದ. "ಆಮೇಲೆ ಗಂಜಿ ಕೊಡು."

ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದ ಹೆಂಗಸನ್ನು ಎದುರು ನಿಲ್ಲಿಸಿಕೊಂಡು ಅವನು ಹಾಗೆ ಕೇಳಿದ್ದ.

ತಾರಾನಾಥ ಮೊದಲಿನಿಂದ ಹಾಗಿದ್ದವನಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಅವನದೊಂದು ಆರು ಮೇಜಿನ ಹೋಟೆಲು, ಹೆಸರು 'ಸುಪ್ರಭಾ'. ಇಪ್ಪತ್ತಮೂರು ವರ್ಷ ಅವನು ದೋಸೆ ಕಾವಲಿಯ ಮುಂದೆ, ಜಯಲತಾ ಹೊರಗೆ ಗಲ್ಲಾದ ಮುಂದೆ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಚೌಕದ ಕಿಂಡಿ. ತಟ್ಟೆ ಹೋಗುವುದು, ಬರುವುದು ಅದರಲ್ಲಿ. ಒಳಗೆ ನಿಂತವನಿಗೆ ಹೊರಗಿನವರ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಜಯಲತಾ ಕುರ್ಚಿಯಿಂದ ಏಳದೆ ಕತ್ತು ತಿರುಗಿಸಿ, "ಎರಡು ಮಸಾಲೆ, ಒಂದು ಸೆಟ್!" ಎಂದು ಕೂಗುತ್ತಿದ್ದಳು. ಒಳಗಿನಿಂದ ತಾರಾನಾಥ ಅದನ್ನೇ ತಿರುಗಿ ಕೂಗಬೇಕು: "ಎರಡು ಮಸಾಲೆ, ಒಂದು ಸೆಟ್!" ಅದು ಆ ಹೋಟೆಲಿನ ಕಾನೂನು. ತಿರುಗಿ ಕೂಗದಿದ್ದರೆ ಆರ್ಡರು ಮುಟ್ಟಲಿಲ್ಲ ಎಂದು ಲೆಕ್ಕ. ಹೊಸ ಗಿರಾಕಿಗಳು ಗಂಡ ಹೆಂಡತಿ ಜಗಳ ಆಡುತ್ತಿದ್ದಾರೆ ಎಂದೇ ತಿಳಿಯುತ್ತಿದ್ದರು.

ಅಶ್ಮಿತಾ ಕಾರ್ಕಳದ ಕಡೆಯಿಂದ ಅಲ್ಲಿಗೆ ಬಂದಾಗ ಅವಳಿಗೆ ಹದಿನಾಲ್ಕು. ತಾಯಿ ತೀರಿಕೊಂಡಿದ್ದಳು, ಒಂಬತ್ತನೇ ಕ್ಲಾಸು ಅರ್ಧದಲ್ಲಿ ನಿಂತಿತ್ತು. ಮಾವ ಮರಳಿ ಶಾಲೆಗೆ ಕಳಿಸುತ್ತೇನೆಂದರೂ ಗೊತ್ತಿಲ್ಲದ ಭಾಷೆಯ ಮಕ್ಕಳ ನಡುವೆ ಕೂರಲು ಅವಳಿಗೇ ಧೈರ್ಯ ಬರಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ, ತೆಂಗಿನಕಾಯಿ ತುರಿಯುತ್ತ ಆರು ವರ್ಷ ಕಳೆದಳು. ಒಮ್ಮೆ ಅತ್ತೆಗೆ ಹುಷಾರಿಲ್ಲವೆಂದು ಅವಳನ್ನು ಗಲ್ಲಾದಲ್ಲಿ ಕೂರಿಸಿದ್ದರು. ಅವಳು ಆರ್ಡರು ಕೂಗಿದಳು. ಒಳಗಿನಿಂದ ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು. ಉತ್ತರವಿಲ್ಲ. ಕೊನೆಗೆ ತಾರಾನಾಥನೇ ಸಟ್ಟುಗ ಹಿಡಿದುಕೊಂಡು ಹೊರಗೆ ಬಂದು, "ನಿನ್ನ ಸ್ವರ ಕಿಂಡಿ ದಾಟುವುದಿಲ್ಲ ಮಗಾ. ಈರುಳ್ಳಿಗೆ ಕೇಳಿದರೆ ಸಾಕು, ನೀನು ಒಳಗೇ ಇರು," ಎಂದು ನಕ್ಕಿದ್ದ. ಅಂದಿನಿಂದ ಅವಳು ಇನ್ನಷ್ಟು ಮಾತು ಬಿಟ್ಟಳು. ಮಾತು ಬಿಟ್ಟವರಿಗೆ ನೋಡುವುದಕ್ಕೆ ಸಮಯ ಬಹಳ ಸಿಗುತ್ತದೆ.

ಈ ವರ್ಷದ ಮಾರ್ಚಿನಲ್ಲಿ ತಾರಾನಾಥನಿಗೆ ಜ್ವರ ಬಂತು. ಬರೀ ಜ್ವರವೆಂದು ಮೂರು ದಿನ ಕಾವಲಿಯ ಮುಂದೆಯೇ ನಿಂತ. ನಾಲ್ಕನೆಯ ದಿನ ಉಸಿರಾಡಲಿಕ್ಕಾಗದೆ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಕುಸಿದ. ಜ್ವರದ ಸೋಂಕು ಹೃದಯಕ್ಕೆ ಇಳಿದಿತ್ತು. ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಅವನನ್ನು ಎಕ್ಮೋ ಎಂಬ ಯಂತ್ರಕ್ಕೆ ಜೋಡಿಸಿದರು. ಮೈಯ ರಕ್ತವನ್ನೆಲ್ಲ ಒಂದು ಕೊಳವೆಯಲ್ಲಿ ಹೊರಗೆಳೆದು, ಪ್ರಾಣವಾಯು ಸೇರಿಸಿ, ಇನ್ನೊಂದು ಕೊಳವೆಯಲ್ಲಿ ಒಳಗೆ ಕಳಿಸುವ ಯಂತ್ರ ಅದು. ಹನ್ನೊಂದು ದಿನ ಅವನ ಹೃದಯದ ಕೆಲಸವನ್ನು, ಶ್ವಾಸದ ಕೆಲಸವನ್ನು ಅದೇ ಮಾಡಿತು. ಹನ್ನೆರಡನೆಯ ದಿನ ಹೃದಯ ತಾನಾಗಿ ಬಡಿಯಿತು. ಬದುಕಿದ ಎಂದು ಎಲ್ಲರೂ ಅತ್ತರು. ಎರಡು ದಿನ ಬಿಟ್ಟು ಎಡಗೈ ಏಳಲಿಲ್ಲ. ಹೆಪ್ಪುಗಟ್ಟಿದ ಒಂದು ತುಣುಕು ರಕ್ತ ಮೆದುಳಿನ ಬಲಭಾಗಕ್ಕೆ ಹೋಗಿ ಕೂತಿತ್ತು. ಸ್ಟ್ರೋಕ್.

ಎಡಗೈಗೆ ಸ್ವಲ್ಪ ಸ್ವಲ್ಪವೇ ಬಲ ಬಂತು. ಮಾತು ಸರಿಯಾಗಿಯೇ ಇತ್ತು. ಮಗ ಕೀರ್ತನನನ್ನು ಗುರುತಿಸಿದ, ಅಶ್ಮಿತಾಳನ್ನು ಗುರುತಿಸಿದ, ವಾರ್ಡಿನ ನರ್ಸಿಗೆ ಚಟ್ನಿಗೆ ಶುಂಠಿ ಎಷ್ಟು ಹಾಕಬೇಕೆಂದು ಹೇಳಿಕೊಟ್ಟ. ಜಯಲತಾ ಹತ್ತಿರ ಬಂದು ಹಣೆ ಮುಟ್ಟಿದಾಗ ಮಾತ್ರ ಅವಳನ್ನೇ ನೋಡುತ್ತ ನೋಡುತ್ತ ಮುಖ ಹಿಂದೆಗೆದುಕೊಂಡ.

"ಥೇಟ್ ಅವಳ ಹಾಗೆಯೇ ಇದ್ದೀ," ಎಂದ. "ಆದರೆ ನೀನು ಅವಳಲ್ಲ."

ಅವಳೇ ಎಂದು ಸಾಧಿಸಲು ಮನೆಯವರು ಮಾಡದ ಉಪಾಯವಿಲ್ಲ. ಆಧಾರ್ ಕಾರ್ಡ್ ತೋರಿಸಿದರು, ಮದುವೆಯ ಆಲ್ಬಮ್ ತೋರಿಸಿದರು. ಊರಿನಿಂದ ನೆಂಟರು ಫೋನಿನಲ್ಲಿ ಸಲಹೆ ಕೊಟ್ಟರೆಂದು ಜಯಲತಾ ಧಾರೆಸೀರೆ ಉಟ್ಟು, ಮಾಟುಂಗಾದಿಂದ ಮಲ್ಲಿಗೆಯ ಒಂದು ಅಟ್ಟೆ, ನಾಲ್ಕು ಚೆಂಡು ಹೂವು, ತರಿಸಿ ಮುಡಿದು, ಮದುಮಗಳ ಹಾಗೆ ಅವನ ಎದುರು ನಿಂತಳು. ತಾರಾನಾಥ ಅಶ್ಮಿತಾಳನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದ: "ನೋಡಿದೆಯಾ ಮಗಾ? ಕಪಾಟಿನ ಬೀಗದ ಕೈ ಕೂಡ ಇವಳಿಗೆ ಸಿಕ್ಕಿದೆ!"

ಡಾಕ್ಟರ್ ಅಪರ್ಣಾ ಧಾರವಾಡದವರು. ಕನ್ನಡದವರೆಂದು ತಿಳಿದು ಬಿಡಿಸಿ ಹೇಳಿದರು.

"ಇದು ಹುಚ್ಚಲ್ರೀ. ನಮ್ಮವರ ಮುಖಾ ಕಂಡ ಕೂಡಲೆ ಒಳಗ ಒಂದು ಬೆಚ್ಚಗಿನ ಭಾವನಾ ಏಳ್ತದಲ್ಲ, ಅದರ ತಂತಿ ಕಡದದ. ಮುಖಾ ಗುರ್ತ ಹತ್ತತದ, ಬೆಚ್ಚಗ ಅನಸಂಗಿಲ್ಲ. ಹಂಗಾಗಿ ಮೆದುಳು ತಾನಽ ಒಂದು ಕತಿ ಕಟ್ಟತದ, ಈಕಿ ಅಕಿ ಹಂಗ ವೇಷ ಹಾಕ್ಯಾಳ ಅಂತ. ಭಾಳ ಅಪರೂಪದ್ದು. ಔಷಧ ಕೊಡ್ತೀನಿ, ಟೈಮ್ ಹತ್ತತದ. ಅವರ ಜೋಡಿ ವಾದಾ ಮಾಡಬ್ಯಾಡ್ರಿ."

ಜಯಲತಾ ಆ ಕೊನೆಯ ಮಾತೊಂದನ್ನು ಸೆರಗಿಗೆ ಗಂಟು ಕಟ್ಟಿಕೊಂಡಳು. ವಾದ ಬೇಡ ಎಂದರೆ ಮಾತೇ ಬೇಡ. ಅವನಿಗೆ ಕಾಣುವ ಕಡೆ ಅವಳು ಬಾಯಿ ತೆರೆಯಲಿಲ್ಲ, ಕೇಳುವ ಕಡೆಯೂ ತೆರೆಯಲಿಲ್ಲ. ಮನೆಯಲ್ಲಿ ಪಾತ್ರೆಗಳು ಕೂಡ ಪಿಸುಗುಟ್ಟುವ ಹಾಗಾಯಿತು. ಬೆಳಿಗ್ಗೆ ಗಂಜಿ ಇಟ್ಟು ಅವಳು ಲೋಕಲ್ ಹಿಡಿದು ಠಾಣೆಗೆ ಹೋಗಿ, ಇಡ್ಲಿ ಉಪ್ಪಿಟ್ಟು ಮಾತ್ರ ಮಾಡಿ ಹೋಟೆಲು ನಡೆಸುತ್ತಿದ್ದಳು. ಕಾವಲಿ ತಣ್ಣಗಿತ್ತು. ಇಡ್ಲಿಯನ್ನು ಕೂಗಬೇಕಾಗಿಲ್ಲ, ಕಿಂಡಿಯಲ್ಲಿ ಸದ್ದು ನಿಂತಿತ್ತು.

ಹೀಗಿರುವಾಗ ಜುಲೈನ ಒಂದು ಬೆಳಿಗ್ಗೆ ಅಶ್ಮಿತಾ ಉದ್ದು ರುಬ್ಬುತ್ತಿದ್ದಳು. ಎರಡು ಕೈಯೂ ಹಿಟ್ಟು. ಫೋನು ಬಡಿದುಕೊಂಡಿತು. ಮೊಣಕೈಯಿಂದ ಒತ್ತಿದಳು, ಅದು ಸ್ಪೀಕರಿಗೆ ಹೋಯಿತು.

"ಅಶ್ಮೀ, ನಾಳೆಗೆ ಅಕ್ಕಿ ನೆನೆ ಹಾಕಿದ್ದೀಯಾ?" ಹೋಟೆಲಿನ ಗದ್ದಲದ ನಡುವಿನಿಂದ ಜಯಲತಾಳ ಗಟ್ಟಿ ಸ್ವರ ಮನೆಯೆಲ್ಲ ತುಂಬಿತು.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಗೋಡೆ ಹಿಡಿದುಕೊಂಡು ತಾರಾನಾಥ ಬಾಗಿಲಿಗೆ ಬಂದಿದ್ದ. ಅವನ ಮುಖ ನೋಡಿ ಅಶ್ಮಿತಾಳ ಕೈಯ ಹಿಟ್ಟು ತೊಟ್ಟಿಕ್ಕುವುದು ಕೂಡ ನಿಂತ ಹಾಗಾಯಿತು. ಮೂರು ತಿಂಗಳಿಂದ ಆ ಮುಖದಲ್ಲಿ ಅವಳು ಹುಡುಕುತ್ತಿದ್ದುದು ಅಲ್ಲಿತ್ತು.

"ಜಯಾ?" ಎಂದ ಅವನು. "ಎಲ್ಲಿದ್ದೀ ಮಾರಾಯ್ತಿ? ಎಷ್ಟು ದಿನ ಆಯ್ತು!"

ಜಯಲತಾ ಗದ್ದಲದ ನಡುವೆಯೇ, "ಹೋಟೆಲಲ್ಲಿ ಇದ್ದೇನೆ, ಇನ್ನೆಲ್ಲಿ?" ಎಂದಳು.

"ಹಾಗಾದರೆ ಸರಿ. ಊಟ ಆಯ್ತಾ? ನೋಡು, ಇಲ್ಲೊಂದು ಹೆಂಗಸು ಬಂದು ಕೂತಿದೆ. ಪಾಪದವಳು. ಗಂಜಿ ಒಳ್ಳೆಯದು ಮಾಡ್ತಾಳೆ, ಉಪ್ಪು ಸ್ವಲ್ಪ ಕಮ್ಮಿ. ಆದರೆ ನಿನ್ನ ಸೀರೆ ಉಡ್ತಾಳೆ. ನೀನು ಹುಷಾರು."

"ಉಟ್ಟುಕೊಳ್ಳಲಿ ಬಿಡಿ," ಎಂದಳು ಜಯಲತಾ. "ನನ್ನಲ್ಲಿ ಬೇರೆ ಉಂಟು." ಅಷ್ಟು ಹೇಳಿ ಫೋನು ಇಟ್ಟಳು.

ಅಶ್ಮಿತಾ ಯಾರಿಗೂ ಏನೂ ಹೇಳಲಿಲ್ಲ. ಒಮ್ಮೆ ಆದದ್ದು ಎರಡು ಸಲ ಆಗಬೇಕು, ಎರಡು ಸಲ ಆದದ್ದು ಮೂರು ಸಲ ಆಗಬೇಕು ಎಂಬ ಜಾತಿ ಅವಳದು. ಮರುದಿನವೂ ಫೋನು ಮಾಡಿಸಿದಳು, ಅದರ ಮರುದಿನವೂ ಮಾಡಿಸಿದಳು. ಎರಡು ದಿನವೂ ಅವನು ಹೆಂಡತಿಯ ಜೊತೆ ಹೆಂಡತಿಯೆಂದೇ ಮಾತಾಡಿದ. ನಾಲ್ಕನೆಯ ದಿನ ವಿಷಯ ತಿಳಿದ ಕೀರ್ತನ್, "ಅರೆ, ಹಾಗಾದರೆ ವಿಡಿಯೊ ಕಾಲ್ ಮಾಡೋಣ!" ಎಂದು ಉತ್ಸಾಹದಿಂದ ಫೋನನ್ನು ಅಪ್ಪನ ಮುಖಕ್ಕೆ ಹಿಡಿದ. ಪರದೆಯ ಮೇಲೆ ತಾಯಿಯ ಮುಖ ಮೂಡಿತು. ತಾರಾನಾಥ ಬೆಚ್ಚಿ ಫೋನನ್ನು ಮೆತ್ತೆಯ ಅಡಿಗೆ ತುರುಕಿದ.

"ಇದರ ಒಳಗೂ ಬಂದಳಲ್ಲ ಇವಳು!"

ಡಾಕ್ಟರಿಗೆ ಹೇಳಿದಾಗ ಅವರು ನಕ್ಕು, "ಶಾಣ್ಯಾ ಹುಡುಗಿ ಇದ್ದಿ. ಕಣ್ಣಿನ ದಾರಿ ಬ್ಯಾರೆ, ಕಿವಿ ದಾರಿ ಬ್ಯಾರೆ. ಕಿವಿ ದಾರಿ ಉಳದದ," ಎಂದರು. ಅಶ್ಮಿತಾ ಆ ಮಾತನ್ನು ಮನೆಯವರೆಗೆ ಒಳಗೊಳಗೇ ಹೇಳಿಕೊಳ್ಳುತ್ತ ಬಂದಳು.

ಕೀರ್ತನ್ ಮಾತ್ರ ಸೋತುಹೋಗಿದ್ದ. ಮಹಾಪೆಯ ಐಟಿ ಪಾರ್ಕಿನಲ್ಲಿ ಅವನಿಗೆ ಕೆಲಸ. ತಾಯಿ ಗೋಡೆಗೆ ಒರಗಿ ನಿಲ್ಲುವುದನ್ನು ಎರಡು ತಿಂಗಳು ನೋಡಿ ನೋಡಿ ಅವನ ಎದೆ ಬಿರಿದಿತ್ತು. ಕಲ್ಯಾಣದಲ್ಲಿ ಇಂಥ ರೋಗಿಗಳನ್ನು ಇಟ್ಟುಕೊಳ್ಳುವ ಒಂದು ಕೇಂದ್ರವನ್ನು ವಿಚಾರಿಸಿ ಬಂದಿದ್ದ. ಆಗಸ್ಟ್ ಒಂದಕ್ಕೆ ಜಾಗ ಖಾಲಿಯಾಗುತ್ತದೆ. ಫಾರ್ಮು ಅವನ ಬ್ಯಾಗಿನಲ್ಲಿತ್ತು. ಜಯಲತಾಳ ಸಹಿ ಒಂದು ಬಾಕಿ. ಒಳಗೆ ತಾರಾನಾಥ ನಿದ್ದೆಹೋದ ಮೇಲೆ ಅದನ್ನು ತಾಯಿಯ ಮುಂದಿಟ್ಟ.

"ಮಮ್ಮಿ, ಯೇ ಘರ್ ನಹೀ ರಹಾ, ಇದು ಮನೆಯಾಗಿ ಉಳಿದಿಲ್ಲ. ನೀನು ನಿನ್ನ ಮನೆಯಲ್ಲೇ ಕಳ್ಳಿಯ ಹಾಗೆ ಇದ್ದೀ. ಸೈನ್ ಕರ್ ದೋ," ಎಂದ.

ಜಯಲತಾ ಪೆನ್ನನ್ನು ಕೈಗೆ ತೆಗೆದುಕೊಂಡಳು. "ಅವರಿಗೆ ನಾನು ಎದುರಿಲ್ಲದಿದ್ದರೆ ನೆಮ್ಮದಿ ಅಂತಾದರೆ..." ಎಂದಳು.

"ಬೇಡ."

ಇಬ್ಬರೂ ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಅಶ್ಮಿತಾ ನಿಂತಿದ್ದಳು.

"ಒಂದನೇ ತಾರೀಕಿಗೆ ಎಂಟು ದಿನ ಉಂಟು," ಎಂದಳು. "ಮಾವನನ್ನು ಹೋಟೆಲಿಗೆ ಕರೆದುಕೊಂಡು ಹೋಗುವ. ಕಾವಲಿಯ ಮುಂದೆ ಕೂರಿಸುವ. ಅತ್ತೆ ಗಲ್ಲಾದಲ್ಲಿ ಕೂತು ಕೂಗಲಿ. ಅಲ್ಲಿ ಮುಖ ಕಾಣುವುದಿಲ್ಲ. ಇಪ್ಪತ್ತಮೂರು ವರ್ಷ ಮಾವ ಅತ್ತೆಯನ್ನು ದಿನಕ್ಕೆ ಹತ್ತು ಗಂಟೆ ನೋಡಿದ್ದಲ್ಲ, ಕೇಳಿದ್ದು."

ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಆ ಮನೆ ಆರು ವರ್ಷದಲ್ಲಿ ಕಂಡಿರಲಿಲ್ಲ. ಕೀರ್ತನ್ ಬಾಯಿ ತೆರೆದು ಮುಚ್ಚಿದ. "ಗ್ಯಾಸ್ ಮುಂದೆ? ಒಂದು ಕೈಯಲ್ಲಿ? ಪಾಗಲ್ ಹೈ ಕ್ಯಾ ತೂ?"

"ದೋಸೆ ಹೊಯ್ಯುವುದು ಬಲಗೈಯಲ್ಲಿ," ಎಂದಳು ಅಶ್ಮಿತಾ. "ನಾನು ಪಕ್ಕದಲ್ಲೇ ಇರ್ತೇನೆ."

ಜಯಲತಾ ಪೆನ್ನಿನ ಮುಚ್ಚಳ ಹಾಕಿದಳು. "ದೇವರನ್ನೇ ಕಿಂಡಿಯಲ್ಲಿ ನೋಡುವ ಊರಿನವರು ನಾವು," ಎಂದಳು. "ಗಂಡನನ್ನು ನೋಡ್ಲಿಕ್ಕೆ ಎಂತ ನಾಚಿಕೆ? ಎಂಟು ದಿನ ನೋಡುವ."

ಮರುದಿನ ಜಯಲತಾ ಮುಂಚಿನ ಲೋಕಲಿನಲ್ಲಿ ಹೋದಳು. ಕೀರ್ತನನ ಕಾರಿನಲ್ಲಿ ತಾರಾನಾಥ, ಅಶ್ಮಿತಾ. ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಕರೆತಂದರು. ಪಾತ್ರೆ ತೊಳೆಯುವ ಮಾನಮ್ಮ ಯಾದಗಿರಿಯವಳು, ಮುಖ ನೋಡಿ ಮಾತಾಡುವವಳಲ್ಲ. ಮಾಲಕನನ್ನು ಕಂಡದ್ದೇ ನಲ್ಲಿ ನಿಲ್ಲಿಸಿದಳು.

"ಏನ್ರೀ ಮಾಲಕ್ರ, ಭಾಳ ದಿನಾ ಸೂಟಿ ಹೊಡದ್ರಿ? ನಿಮ್ಮ ಕಾವಲಿ ತುಕ್ಕ ಹಿಡಿಬಾರ್ದಂತ ದಿನಾ ಎಣ್ಣಿ ಹಚ್ಚೀನಿ. ಅದರ ಪಗಾರ ಬ್ಯಾರೆ."

"ಕೊಡುವ, ಕೊಡುವ," ಎಂದ ತಾರಾನಾಥ. ನಾಲ್ಕು ತಿಂಗಳ ಮೇಲೆ ಮೊದಲ ಸಲ ನಕ್ಕ.

ಬೆನ್ನೊರಗು ಇರುವ ಎತ್ತರದ ಸ್ಟೂಲಿನ ಮೇಲೆ ಅವನನ್ನು ಕೂರಿಸಿದರು. ಅಶ್ಮಿತಾ ಬೆಂಕಿ ಹೊತ್ತಿಸಿದಳು. ಕಾವಲಿ ಕಾಯಿತು. ತೆಂಗಿನ ಕಡ್ಡಿಯ ಮೋಟು ಹಿಡಿಸೂಡಿಯಿಂದ ತಾರಾನಾಥ ನೀರು ಚಿಮುಕಿಸಿದ. ಚುಂಯ್ ಎಂದು ಹಬೆ ಎದ್ದಿತು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಗೋಡೆಯ ಆಚೆ ಮೊದಲ ಪಾಳಿಯ ಕೆಲಸಗಾರರು ಬಂದು ಕೂರುವ ಸದ್ದು. ಆರನೇ ಮೇಜು ಎಂದಿನಂತೆ ಟಕ್ ಟಕ್ ಎಂದು ಅಲುಗಾಡಿತು, ಅದರ ಒಂದು ಕಾಲು ಗಿಡ್ಡ.

ಗಲ್ಲಾದಲ್ಲಿ ಜಯಲತಾ ಕೂತಿದ್ದಾಳೆಂದು ಅಶ್ಮಿತಾಳಿಗೆ ಗೊತ್ತು. ಸ್ವರ ಮಾತ್ರ ಬರಲಿಲ್ಲ. ಕೊನೆಗೆ, ಮೊದಲ ಸಲ ಹಾಡಲು ನಿಂತ ಮಗುವಿನ ಹಾಗೆ, ಅಳುಕುತ್ತ ಬಂತು:

"ಒಂದು ಸಾದಾ!"

ತಾರಾನಾಥನ ಕೈ ಹಿಟ್ಟಿನ ಸೌಟಿನ ಮೇಲೆ ನಿಂತಿತು. ಅವನು ಕಿಂಡಿಯ ಕಡೆ ಕತ್ತು ತಿರುಗಿಸಿದ. ಚೌಕದಲ್ಲಿ ಬೆಳಕು ಬಿಟ್ಟರೆ ಏನಿಲ್ಲ.

"ಒಂದು ಸಾದಾ!" ಎಂದು ಕೂಗಿದ. ಮಾನಮ್ಮನ ಕೈಯ ತಟ್ಟೆ ಠಣ್ ಎಂದು ಜಾರಿ ಬಿತ್ತು. ಅಷ್ಟು ದೊಡ್ಡ ಕೂಗು.

ಮೊದಲ ದೋಸೆ ಹರಿಯಿತು. ಎರಡನೆಯದು ಒಂದು ಕಡೆ ದಪ್ಪ, ಒಂದು ಕಡೆ ತೂತು. "ಇದನ್ನು ಮಾನಮ್ಮನಿಗೆ ಕೊಡು," ಎಂದ. "ನಾ ಏನ್ ನಾಯಿ ಏನ್ರಿ?" ಎಂದು ಮಾನಮ್ಮ ಅದನ್ನು ನಿಂತಲ್ಲೇ ತಿಂದಳು. ಮೂರನೆಯದು ದುಂಡಗೆ ಬಂತು. ಅಂದು ಹದಿನೆಂಟು ದೋಸೆ. ಸಾಕಾದ ಮೇಲೆ ಅಶ್ಮಿತಾ ಹಿಂದಿನ ಬಾಗಿಲಿನಿಂದಲೇ ಮನೆಗೆ ಕರೆತಂದಳು.

ಅಂದು ಮನೆಗೆ ಬಂದ ಜಯಲತಾ ಎಂದಿನ ಹಾಗೆ ಬಳೆ ಏರಿಸಿಕೊಂಡು ಗಂಜಿ ತಟ್ಟೆ ಇಟ್ಟಳು, ಗೋಡೆಗೆ ಒರಗಿದಳು. ಒಳಗೆ ತಾರಾನಾಥ ಅಶ್ಮಿತಾಳಿಗೆ ಹೇಳುತ್ತಿದ್ದ: "ಜಯಾ ಅಲ್ಲೇ ಇದ್ದಾಳೆ ನೋಡು, ನಾನು ಹೇಳಲಿಲ್ಲವಾ? ಸ್ವರ ಸ್ವಲ್ಪ ಇಳಿದಿದೆ. ಒಬ್ಬಳೇ ಎಷ್ಟು ಅಂತ ಮಾಡಿಯಾಳು!" ಗೋಡೆಯ ಈಚೆ ಜಯಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ಅಶ್ಮಿತಾಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಮೂರನೆಯ ದಿನ ಮೂವತ್ತೆಂಟು ದೋಸೆ. ಅವತ್ತು ಕಿಂಡಿಯಲ್ಲಿ ಖಾಲಿ ತಟ್ಟೆ ಹಿಡಿದು ಬಂದ ಕೈಯನ್ನು ತಾರಾನಾಥ ಗಮನಿಸಿದ. ಮಣಿಕಟ್ಟಿನ ಮೇಲೆ ಉದ್ದಕ್ಕೆ ಒಂದು ಹಳೆಯ ಸುಟ್ಟ ಗಾಯ. ಸಟ್ಟುಗ ಕೆಳಗಿಟ್ಟು ಆ ಗಾಯದ ಮೇಲೆ ಬೆರಳಿಟ್ಟ. ಆಚೆ ಜಯಲತಾ ಕೈ ಹಿಂದೆಗೆಯಲಿಲ್ಲ.

"ವಡೆಯ ಎಣ್ಣೆ," ಎಂದ ಅವನು. "ಕೀರ್ತನ್ ಹೊಟ್ಟೆಯಲ್ಲಿದ್ದಾಗ. ಬೇಡ ಬೇಡ ಅಂದರೂ ನೀನು ಬಾಣಲೆಯ ಹತ್ತಿರ ಬಂದದ್ದು."

"ನಿಮಗೆ ವಡೆ ತೆಗೆಯಲಿಕ್ಕೆ ಗೊತ್ತಿರಲಿಲ್ಲ, ಅದಕ್ಕೆ ಬಂದದ್ದು," ಎಂದಿತು ಗೋಡೆಯ ಆಚೆಯ ಸ್ವರ.

ತಾರಾನಾಥ ಗಹಗಹಿಸಿ ನಕ್ಕ. ಹೊರಗೆ ಗಿರಾಕಿಯೊಬ್ಬ ಮರಾಠಿಯಲ್ಲಿ, "ಭಾಂಡಣ ಸುರೂ ಝಾಲಂ!" ಜಗಳ ಶುರುವಾಯಿತು ಎಂದು ಖುಷಿಯಿಂದ ಪಕ್ಕದವನಿಗೆ ಹೇಳಿದ. ಹಳೆಯ ಗಿರಾಕಿ ಇರಬೇಕು.

ಆಮೇಲಿನ ದಿನಗಳಲ್ಲಿ ಸ್ವರ ಬಂತು, ಕೈ ಬಂತು, ಕೈಯೊಳಗೆ ಕೈ ಬಂತು. ಮುಖ ಮಾತ್ರ ಗೋಡೆಯ ಆಚೆಯೇ ಉಳಿಯಿತು. ಮನೆಯಲ್ಲಿ ಗೋಡೆಗೆ ಒರಗಿದ ಹೆಂಗಸು ಇನ್ನೂ ಬೇರೆಯವಳೇ ಆಗಿದ್ದಳು.

ಜುಲೈ ಮೂವತ್ತೊಂದು. ಕೀರ್ತನ್ ರಜೆ ಹಾಕಿ ಹೋಟೆಲಿಗೆ ಬಂದು ಆರನೇ ಮೇಜಿನಲ್ಲಿ ಕೂತ. ಫಾರ್ಮು ಮುಂದಿತ್ತು. ಕೈ ಇಟ್ಟಾಗಲೆಲ್ಲ ಮೇಜು ಟಕ್ ಎನ್ನುತ್ತಿತ್ತು. "ಇವತ್ತೇ ಹೇಳಬೇಕು ಕೇಂದ್ರದವರಿಗೆ," ಎಂದು ಒಮ್ಮೆ ತಾಯಿಗೆ, ಒಮ್ಮೆ ತನಗೆ ಹೇಳಿಕೊಂಡ. ಹತ್ತು ಗಂಟೆಯ ನೂಕುನುಗ್ಗಲು ಇಳಿಯುತ್ತ ಬಂತು. ಒಳಗೆ ತಾರಾನಾಥ ಒಂದು ದೋಸೆಯನ್ನು ನಿಧಾನವಾಗಿ, ಅಂಚಿನವರೆಗೆ ತೆಳ್ಳಗೆ ಎಳೆದು, ಮೇಲೆ ತುಪ್ಪ ಬಿಟ್ಟ. ಇಂಥ ದೋಸೆಗೆ ಆರ್ಡರು ಬಂದಿರಲಿಲ್ಲ. ಅಶ್ಮಿತಾ ನೋಡಿದಳು.

ಅವನು ಕಿಂಡಿಗೆ ಬಾಯಿ ಹತ್ತಿರ ತಂದು ಹೇಳಿದ: "ಜಯಾ, ಒಳಗೆ ಬಾ. ಎಷ್ಟು ದಿನ ಅಂತ ಗೋಡೆ ಆಚೆ ಕೂತ್ಕೊಳ್ತೀ? ನಿನಗೆ ಹೊಯ್ದಿದ್ದೇನೆ. ಬಿಸಿ ಇರುವಾಗ ಬಾ."

ಅಶ್ಮಿತಾ ಹೊರಗೆ ಓಡಿದಳು. ಜಯಲತಾ ಗಲ್ಲಾದ ಕುರ್ಚಿಯಲ್ಲಿ ಕಲ್ಲಾಗಿದ್ದಳು.

"ನಾನು ಹೋಗುವುದಿಲ್ಲ ಅಶ್ಮೀ. ನನ್ನ ಮುಖ ನೋಡಿದರೆ ಇದೂ ಹೋಗ್ತದೆ. ಸ್ವರವೂ ಹೋಗ್ತದೆ. ಇಷ್ಟಾದರೂ ಇರಲಿ."

ಅಶ್ಮಿತಾಳಿಗೆ ಆ ಹೊತ್ತಿನಲ್ಲಿ ಮನೆಯ ಪ್ಲಾಸ್ಟಿಕ್ ಸ್ಟೂಲು ಕಣ್ಣ ಮುಂದೆ ಬಂತು. ಏರಿಸಿಕೊಂಡ ಬಳೆ, ಬಿಗಿದ ತುಟಿ. ಮಾವ ಕಂಡದ್ದು ಎರಡು ತಿಂಗಳಿಂದ ಒಂದು ಮೂಕ ಮುಖ. ಅದರಲ್ಲಿ ಅತ್ತೆ ಇದ್ದದ್ದಾದರೂ ಎಲ್ಲಿ?

"ಅತ್ತೆ, ಬಾಯಿ ಮುಚ್ಚಬೇಡಿ," ಎಂದಳು. "ಇಲ್ಲಿಂದಲೇ ಕೂಗ್ತಾ ಹೋಗಿ. ಬಾಗಿಲು ದಾಟುವಾಗಲೂ ಕೂಗಿ, ಎದುರು ನಿಂತಾಗಲೂ ಕೂಗಿ. ಸ್ವರ ಮೊದಲು ಹೋಗಲಿ, ಮುಖ ಅದರ ಹಿಂದೆ ಬರಲಿ."

"ಎಂತ ಕೂಗುವುದು? ಆರ್ಡರು ಇಲ್ಲವಲ್ಲ?"

"ಇದ್ದದ್ದೆಲ್ಲ ಕೂಗಿ. ಬಳೆ ಇಳಿಸಿ ಮೊದಲು."

ಜಯಲತಾ ಎದ್ದಳು. ಬಳೆ ಇಳಿಸಿಕೊಂಡಳು. "ಎರಡು ಮಸಾಲೆ!" ಎಂದು ಕೂಗಿದಳು. ಒಳಗಿನಿಂದ, "ಎರಡು ಮಸಾಲೆ!" ಒಂದು ಹೆಜ್ಜೆ. "ಮೂರು ರವಾ, ಒಂದು ಈರುಳ್ಳಿ!" "ಮೂರು ರವಾ, ಒಂದು ಈರುಳ್ಳಿ!" ಕೈತೊಳೆಯುವ ತೊಟ್ಟಿ ದಾಟಿದಳು. ಕೀರ್ತನ್ ಎದ್ದು ನಿಂತ. ಗಿರಾಕಿಗಳು ಚಹದ ಗ್ಲಾಸು ಹಿಡಿದವರು ಹಿಡಿದ ಹಾಗೆಯೇ ನೋಡಿದರು. "ಐದು ಸೆಟ್! ಆರು ಸಾದಾ!" ಈಗ ಕೂಗು ಅಡುಗೆಮನೆಯ ಬಾಗಿಲಲ್ಲಿತ್ತು. "ಹತ್ತು ನೀರ್ದೋಸೆ!"

"ಹತ್ತು... ನಮ್ಮಲ್ಲಿ ನೀರ್ದೋಸೆ ಎಲ್ಲಿ ಉಂಟು ಮಾರಾಯ್ತಿ?"

ಜಯಲತಾ ಬಾಗಿಲು ದಾಟಿ ಅವನ ಎದುರಿಗೆ ಹೋದಳು.

ಗಲ್ಲಾ ಬಿಟ್ಟು ಹೋಗುವಂತಿರಲಿಲ್ಲ. ಅಶ್ಮಿತಾ ಕುರ್ಚಿಯಲ್ಲಿ ಕೂತು ಕಿಂಡಿಯ ಚೌಕವನ್ನೇ ನೋಡಿದಳು. ಅಲ್ಲಿ ಅವಳಿಗೆ ಕಂಡದ್ದು ಮಾವನ ಬಲಗೈ, ಕೈಯಲ್ಲಿ ಸಟ್ಟುಗ. ಅದು ಗಾಳಿಯಲ್ಲಿ ನಿಂತಿತ್ತು.

"ಮಾತಾಡ್ತಾ ಇರು," ಎಂದ ತಾರಾನಾಥ, ಮೆಲ್ಲಗೆ. "ನಿಲ್ಲಿಸಬೇಡ. ಕಣ್ಣು ಮುಚ್ಚಿದರೆ ನೀನು. ತೆರೆದರೆ... ಇರು, ಮಾತಾಡು."

"ಎಂತ ಮಾತಾಡುವುದು? ದೋಸೆ ಕರಿಯಾಗ್ತಾ ಉಂಟು. ಅದನ್ನು ಮಗುಚಿ ಮೊದಲು. ಇಪ್ಪತ್ತೇಳು ವರ್ಷದಿಂದ ಹೇಳ್ತಾ ಇದ್ದೇನೆ, ಬೆಂಕಿ ಸಣ್ಣ ಮಾಡಿ, ಬೆಂಕಿ ಸಣ್ಣ ಮಾಡಿ ಅಂತ..." ಸ್ವರ ಒಡೆಯಿತು, ಆದರೆ ನಿಲ್ಲಲಿಲ್ಲ. "ನನ್ನ ಮಾತು ಯಾವತ್ತಾದರೂ ಕೇಳಿದ್ದುಂಟಾ ನೀವು?"

ಸಟ್ಟುಗ ಕೆಳಗಿಳಿಯಿತು. ಬೆಂಕಿ ಸಣ್ಣದಾಗುವ ಸದ್ದು.

"ಮುಖ ಇನ್ನೂ ಸ್ವಲ್ಪ ಬೇರೆ ಕಾಣ್ತದೆ," ಎಂದ ತಾರಾನಾಥ. "ನಿನ್ನ ಮುಖದ ಮೇಲೆ ಯಾರೋ ತೆಳ್ಳಗೆ ಹಿಟ್ಟು ಎಳೆದ ಹಾಗೆ. ಆದರೆ ಬೈಗುಳ ನಿನ್ನದೇ. ಇಷ್ಟು ಸರಿಯಾಗಿ ಬೈಯಲು ಬೇರೆ ಯಾರಿಗೆ ಗೊತ್ತುಂಟು? ನೀನೇ." ಮತ್ತೆ ಸಂಶಯದಿಂದ ಕೇಳಿದ: "ಹಾಗಾದರೆ ಮನೆಯಲ್ಲಿರುವ ಆ ಹೆಂಗಸು?"

"ಅದೂ ನಾನೇ."

"ಅಯ್ಯೋ! ಗಂಜಿಗೆ ಉಪ್ಪು ಸಾಲದು ಅಂತ ನಿನ್ನ ಹತ್ತಿರವೇ ದೂರು ಹೇಳಿದೆನಲ್ಲ!"

"ಕೇಳಿಸಿತು," ಎಂದಳು ಜಯಲತಾ. "ಬೇಕಂತಲೇ ಕಮ್ಮಿ ಹಾಕಿದ್ದು. ಡಾಕ್ಟರು ಹೇಳಿದ್ದಾರೆ."

ಒಳಗೆ ಮಾನಮ್ಮ, "ಇನ್ನ ನನ್ನ ಎಣ್ಣಿ ಪಗಾರ ಕೊಡ್ರಿ ಇಬ್ಬರೂ ಕೂಡಿ!" ಎಂದು ಮೂಗು ಏರಿಸುತ್ತ ಕೂಗಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕೀರ್ತನ್ ತಿರುಗಿ ಬಂದ. ಕಣ್ಣು ಒರೆಸಿಕೊಳ್ಳಲಿಲ್ಲ. ಫಾರ್ಮನ್ನು ಎರಡು ಮಡಿಕೆ ಮಾಡಿದ, ನಾಲ್ಕು ಮಡಿಕೆ ಮಾಡಿದ, ಎಂಟು ಮಡಿಕೆ ಮಾಡಿದ, ಬಗ್ಗಿ ಆರನೇ ಮೇಜಿನ ಗಿಡ್ಡ ಕಾಲಿನ ಅಡಿಗೆ ತುರುಕಿದ. ಮೇಲೆ ಕೈಯೂರಿ ಅಲ್ಲಾಡಿಸಿ ನೋಡಿದ. ಮೇಜು ಅಲುಗಲಿಲ್ಲ.

"ಅಶ್ಮೀ," ಎಂದ. ಯಾವತ್ತಿನ ಕನ್ನಡದಲ್ಲೂ ಅಲ್ಲ, ಹಿಂದಿಯಲ್ಲೂ ಅಲ್ಲ, ಅಮ್ಮನ ತುಳುವಿನಲ್ಲಿ ಏನೋ ಹೇಳಲು ಹೊರಟು, ಶಬ್ದ ಸಿಗದೆ, ಅವಳ ತಲೆಯ ಮೇಲೆ ಕೈ ಇಟ್ಟು ಹೊರಗೆ ಗಾಳಿಗೆ ಹೋದ.

ಬಾಗಿಲಿನಿಂದ ಮೂವರು ಗಿರಾಕಿಗಳು ಒಳಬಂದು ಎರಡನೇ ಮೇಜಿನಲ್ಲಿ ಕೂತರು, ಮೈಮೇಲೆ ಪಕ್ಕದ ಕಾರ್ಖಾನೆಯ ನೀಲಿ ಅಂಗಿ. ಸಪ್ಲೈಯರ್ ಗಲ್ಲಾದ ಹತ್ತಿರ ಬಂದು, "ದೋನ್ ಮಸಾಲಾ, ಏಕ್ ಸೆಟ್," ಎಂದು ಹೇಳಿ ನೀರು ಕೊಡಲು ಹೋದ. ಗಲ್ಲಾದಲ್ಲಿ ಬೇರೆ ಯಾರೂ ಇರಲಿಲ್ಲ. ಅಶ್ಮಿತಾ ಕತ್ತು ತಿರುಗಿಸಿದಳು. ಕಿಂಡಿಯ ಹಲಗೆಯ ಮೇಲೆ ಒಂದೇ ತಟ್ಟೆ ಇತ್ತು, ಅದರಲ್ಲಿ ಒಂದು ಕಡೆ ಕರಿಯಾದ ತುಪ್ಪದ ದೋಸೆ. ಆಚೆಯಿಂದ ಎರಡು ಬಲಗೈಗಳು ಅದನ್ನು ಮುರಿಯುತ್ತಿದ್ದವು. ಒಂದರ ಮಣಿಕಟ್ಟಿನಲ್ಲಿ ಬಳೆ ಸದ್ದು ಮಾಡುತ್ತಿತ್ತು.

ಅವಳು ಉಸಿರು ತುಂಬಿಕೊಂಡು ಕೂಗಿದಳು. ಬೀದಿಯ ಆಚೆಯ ಪಾನ್ ಅಂಗಡಿಯವನು ತಲೆ ಎತ್ತಿ ನೋಡಿದ. ನೀಲಿ ಅಂಗಿಯವರು ಮಾತು ನಿಲ್ಲಿಸಿದರು. ಅಷ್ಟು ಗಟ್ಟಿಯಾದ ಆ ಸ್ವರ ತನ್ನದೆಂದು ಅವಳಿಗೇ ಒಂದು ಕ್ಷಣ ಗೊತ್ತಾಗಲಿಲ್ಲ. ಅದು ಕಿಂಡಿ ದಾಟಿ, ಕಾವಲಿ ದಾಟಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿರಬೇಕು. ಒಳಗಿನಿಂದ ಯಾರೂ ತಿರುಗಿ ಕೂಗಲಿಲ್ಲ. ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಅಶ್ಮಿತಾ ಕುರ್ಚಿಯಲ್ಲಿ ನೆಟ್ಟಗೆ ಕೂತು, ನಗು ತಡೆದುಕೊಂಡು, ಇನ್ನೊಮ್ಮೆ ಕೂಗಿದಳು.

"ಎರಡು ಮಸಾಲೆ, ಒಂದು ಸೆಟ್!"